ಮಾರಿದ ಮೇಲೂ ಉಳಿಯುವ ಒಡೆತನ

(ಬಾನುಲಿ ಭಾಷಣದ ಬರಹರೂಪ)

ಒಂದು ವಸ್ತುವನ್ನು ಹಣ ಕೊಟ್ಟು ಕೊಂಡೆವೆಂದರೆ ಅದು ನಮ್ಮದಾಯಿತು ಎಂದು ನಾವೆಲ್ಲರೂ ಭಾವಿಸುತ್ತೇವೆ. ಆದರೆ ‘ನಮ್ಮದಾಗುವುದು’ ಎಂದರೆ ಏನು ಎಂಬುದು ಅಷ್ಟು ಸರಳವಾದ ಪ್ರಶ್ನೆಯಲ್ಲ. ಇದರ ತೊಡಕನ್ನು ನಮ್ಮ ಹಿಂದಿನವರು ಚೆನ್ನಾಗಿ ಅರಿತಿದ್ದರು. ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಇದು ತಿಳಿದ ವಿಷಯವೇ. ಭೂಮಿಯನ್ನು ಕೊಟ್ಟೆವು ಎಂದಷ್ಟೇ ಹೇಳಿ ಶಾಸನ ಮುಗಿಯುವುದಿಲ್ಲ. ಅದು ‘ಧಾರಾಪೂರ್ವಕ’ವಾಗಿ, ಎಂದರೆ ನೀರೆರೆದು ಕೊಟ್ಟದ್ದು ಎನ್ನುತ್ತದೆ, ‘ಸರ್ವಬಾಧಾಪರಿಹಾರ’ವಾಗಿ, ಎಂದರೆ ತೆರಿಗೆ ಮೊದಲಾದ ಎಲ್ಲ ಬಾಧೆಗಳಿಂದಲೂ ಬಿಡಿಸಿ ಕೊಟ್ಟದ್ದು ಎನ್ನುತ್ತದೆ, ನೆಲದ ಎಲ್ಲೆಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ವಿಜಯನಗರ ಕಾಲದ ಶಾಸನಗಳಂತೂ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟು ಬಗೆಯ ಭೋಗಗಳನ್ನು ಎಣಿಸಿ, ಇವೆಲ್ಲವೂ ಇನ್ನು ಮುಂದೆ ಪಡೆದವನಿಗೆ ಸೇರಿದುವು ಎಂದು ಸಾರುತ್ತವೆ. ಕೊಟ್ಟವನು ತನ್ನ ಹಕ್ಕಿನ ಒಂದು ಎಳೆಯನ್ನೂ ಹಿಂದೆ ಉಳಿಸಿಕೊಂಡಿಲ್ಲವೆಂಬುದು ಲೋಕಕ್ಕೆಲ್ಲ ತಿಳಿದಿರಬೇಕು ಎಂಬುದೇ ಈ ಮಾತುಗಳ ಉದ್ದೇಶ.

ಇಷ್ಟು ಪೀಠಿಕೆ ಹಾಕಿದ್ದು ಶಾಸನಗಳ ವಿಚಾರ ಹೇಳುವುದಕ್ಕಲ್ಲ. ಇಂದಿನ ಪೇಟೆಯಲ್ಲಿ ದಿನವೂ ಕೈ ಬದಲಾಯಿಸುತ್ತಿರುವ ಒಂದು ವಸ್ತುವಿನ ವಿಚಾರ ಹೇಳುವುದಕ್ಕೆ. ಆ ವಸ್ತು, ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್. ಹೊಸದನ್ನು ಕೊಳ್ಳುವ ಶಕ್ತಿಯಿಲ್ಲದ ವಿದ್ಯಾರ್ಥಿಗಳು, ಸಣ್ಣ ಅಂಗಡಿಯವರು, ಅಚ್ಚಿನ ಕೆಲಸದವರು, ನಮ್ಮಂಥ ಬರೆಹಗಾರರು ಇಂಥ ಯಂತ್ರಗಳನ್ನು ಕೊಳ್ಳುತ್ತಾರೆ. ಅವುಗಳಲ್ಲಿ ಬಹಳಷ್ಟು ವರ್ಷಗಟ್ಟಲೆ ಚೆನ್ನಾಗಿಯೇ ದುಡಿಯುತ್ತವೆ. ಆದರೆ ಕೆಲವು ಯಂತ್ರಗಳ ಕತೆ ಬೇರೆ. ಕೊಂಡ ಕೆಲವು ದಿನಗಳ ಮೇಲೆ, ಯಾವುದೋ ಕಾರಣಕ್ಕೆ ಅದರೊಳಗಿನದನ್ನೆಲ್ಲ ಅಳಿಸಿ ಹೊಸದಾಗಿ ಆರಂಭಿಸಿದಾಗ, ತೆರೆಯ ಮೇಲೆ ಅಪರಿಚಿತವಾದ ಸಂಸ್ಥೆಯೊಂದರ ಹೆಸರು ಮೂಡುತ್ತದೆ. ಈ ಯಂತ್ರ ಇಂಥ ಸಂಸ್ಥೆಯ ನಿರ್ವಹಣೆಗೆ ಒಳಪಟ್ಟಿದೆ, ಸಂಸ್ಥೆಯು ನಿಮಗೆ ಕೊಟ್ಟಿರುವ ಗುರುತನ್ನೂ ಗುಪ್ತಪದವನ್ನೂ ನಮೂದಿಸಿ ಎಂಬ ಅರ್ಥದ ಸೂಚನೆ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದಕ್ಕೆ ಯಂತ್ರ ಒಂದು ಹೆಜ್ಜೆಯೂ ಸರಿಯುವುದಿಲ್ಲ. ಕೊಂಡವನ ಕೈಯಲ್ಲಿ ರಸೀತಿಯಿದೆ, ಮೇಜಿನ ಮೇಲೆ ಯಂತ್ರವಿದೆ. ಆದರೆ ಆ ಯಂತ್ರದ ಪಾಲಿಗೆ ಅವನು ಪರಕೀಯ.

ಇದು ಕೆಟ್ಟುಹೋದ ಯಂತ್ರದ ಲಕ್ಷಣವಲ್ಲ ಎಂಬುದನ್ನು ಮೊದಲು ಮನಗಾಣಬೇಕು. ಯಂತ್ರ ತನಗೆ ಒಪ್ಪಿಸಿದ ಕಾವಲಿನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿದೆ. ಈ ಕಾವಲು ಏಕೆ ಬಂತು, ಅದು ಎಲ್ಲಿ ನೆಲೆಸಿದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಹತ್ತು ಸಾವಿರ ನೌಕರರಿರುವ ಸಂಸ್ಥೆಯೊಂದನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಹತ್ತು ಸಾವಿರ ಲ್ಯಾಪ್‌ಟಾಪ್‌ಗಳು. ಅವು ಕಚೇರಿಯ ಮೇಜಿನ ಮೇಲೆ ಕುಳಿತಿರುವುದಿಲ್ಲ. ನೌಕರರ ಜೊತೆಯಲ್ಲಿ ಬಸ್ಸು, ರೈಲು, ವಿಮಾನಗಳಲ್ಲಿ ತಿರುಗುತ್ತವೆ. ಒಂದೊಂದರಲ್ಲಿಯೂ ಗಿರಾಕಿಗಳ ಲೆಕ್ಕಪತ್ರ, ರೋಗಿಗಳ ವಿವರ, ಬ್ಯಾಂಕಿನ ವ್ಯವಹಾರ ಇರಬಹುದು. ಇವೆಲ್ಲವನ್ನೂ ಒಂದು ಕಡೆ ಕುಳಿತು ನೋಡಿಕೊಳ್ಳುವ ಏರ್ಪಾಡು ಬೇಕಲ್ಲವೆ? ಯಾವ ಯಂತ್ರದಲ್ಲಿ ಯಾವ ತಂತ್ರಾಂಶವಿರಬೇಕು, ಗುಪ್ತಪದ ಎಷ್ಟು ಬಿಗಿಯಾಗಿರಬೇಕು, ಯಂತ್ರ ಕಳೆದುಹೋದರೆ ದೂರದಿಂದಲೇ ಅದನ್ನು ಅಳಿಸುವುದು ಹೇಗೆ ಎಂಬುದನ್ನೆಲ್ಲ ನಡೆಸುವ ಈ ಏರ್ಪಾಡಿಗೆ ಡಿವೈಸ್ ಮ್ಯಾನೇಜ್‌ಮೆಂಟ್ ಎಂದು ಹೆಸರು. ಕನ್ನಡದಲ್ಲಿ ಸಾಧನ ನಿರ್ವಹಣೆ ಎನ್ನೋಣ.

ಈ ನಿರ್ವಹಣೆ ಯಂತ್ರದೊಳಗಿನ ಒಂದು ತಂತ್ರಾಂಶ ಮಾತ್ರವಾಗಿದ್ದರೆ ಕಳ್ಳನಿಗೆ ಅದು ಅಡ್ಡಿಯಾಗುತ್ತಿರಲಿಲ್ಲ. ಯಂತ್ರವನ್ನು ಪೂರ್ತಿಯಾಗಿ ಅಳಿಸಿದರೆ ಕಾವಲುಗಾರನೂ ಅಳಿಸಿಹೋಗುತ್ತಾನೆ. ಆದ್ದರಿಂದ ತಯಾರಕರು ಕಾವಲಿನ ಬೇರನ್ನು ಯಂತ್ರದ ಹೊರಗೆ ನೆಟ್ಟರು. ಆಪಲ್ ಸಂಸ್ಥೆ ಇಂಥ ನೋಂದಣಿಯ ಕಾರ್ಯಕ್ರಮವನ್ನು 2014ರಲ್ಲಿ ವ್ಯಾಪಕವಾಗಿ ಜಾರಿಗೆ ತಂದಿತು. ವಿಂಡೋಸ್ ಯಂತ್ರಗಳಿಗಾಗಿ ಮೈಕ್ರೋಸಾಫ್ಟ್ ಸಂಸ್ಥೆ 2017ರಲ್ಲಿ ಆಟೋಪೈಲಟ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಗೂಗಲ್ ಸಂಸ್ಥೆಯ ಕ್ರೋಮ್‌ಬುಕ್‌ಗಳಲ್ಲಿಯೂ, ಅಳಿಸಿದ ಯಂತ್ರ ಮತ್ತೆ ಹಳೆಯ ಸಂಸ್ಥೆಗೇ ಸೇರಿಕೊಳ್ಳುವಂತೆ ಬಲವಂತಪಡಿಸುವ ಏರ್ಪಾಡಿದೆ.

ಇವುಗಳ ವಿವರಗಳು ಬೇರೆ ಬೇರೆಯಾದರೂ ತತ್ತ್ವ ಒಂದೇ. ಪ್ರತಿಯೊಂದು ಯಂತ್ರಕ್ಕೂ ಕಾರ್ಖಾನೆಯಲ್ಲಿಯೇ ಒಂದು ಗುರುತು ಬಿದ್ದಿರುತ್ತದೆ. ಆಪಲ್ ಯಂತ್ರಗಳಲ್ಲಿ ಅದು ಕ್ರಮಸಂಖ್ಯೆ. ಆಟೋಪೈಲಟ್ಟಿನಲ್ಲಿ ಯಂತ್ರದ ಒಳಭಾಗಗಳ ವಿವರಗಳನ್ನೆಲ್ಲ ಸೇರಿಸಿ ಹೊಸೆದ ಒಂದು ಉದ್ದನೆಯ ಸಂಕೇತ. ಸಂಸ್ಥೆಯೊಂದು ಯಂತ್ರಗಳನ್ನು ಕೊಂಡಾಗ ಈ ಗುರುತುಗಳನ್ನು ತಯಾರಕರ ದಫ್ತರದಲ್ಲಿ ಆ ಸಂಸ್ಥೆಯ ಹೆಸರಿನ ಕೆಳಗೆ ಬರೆಯಲಾಗುತ್ತದೆ. ಮುಂದೆ ಯಂತ್ರವನ್ನು ಎಷ್ಟು ಸಲ ಅಳಿಸಿದರೂ ಸರಿಯೆ, ಹೊಸದಾಗಿ ಆರಂಭವಾಗಿ ಅಂತರಜಾಲದ ಸಂಪರ್ಕ ದೊರೆತ ಕೂಡಲೇ ಅದು ತನ್ನ ಗುರುತನ್ನು ತಯಾರಕರಿಗೆ ತಿಳಿಸಿ, ನಾನು ಯಾರಿಗೆ ಸೇರಿದವನು ಎಂದು ಕೇಳುತ್ತದೆ. ದಫ್ತರದಲ್ಲಿ ಯಾರ ಹೆಸರಿದೆಯೋ ಅವರೇ ಅದರ ಒಡೆಯರು. ಲೇಖಕನ ಹೆಸರನ್ನು ಬೇರೆಲ್ಲಿಯೂ ಹೇಳದ ಹಸ್ತಪ್ರತಿಯಲ್ಲಿ ಅಂಕಿತವನ್ನು ನೋಡಿ ವಚನಕಾರನನ್ನು ಗುರುತಿಸುವಂತೆ ಇದು. ಸಾಮಾನ್ಯ ಬಳಕೆಯ ಮಾತಿನಲ್ಲಿ ಹೇಳುವುದಾದರೆ, ಯಂತ್ರವನ್ನು ಅಳಿಸುವುದೆಂದರೆ ಮನೆಗೆ ಸುಣ್ಣ ಬಳಿಯುವುದು. ಸುಣ್ಣ ಬಳಿದ ಮಾತ್ರಕ್ಕೆ ಖಾತೆ ಬದಲಾಗುವುದಿಲ್ಲ.

ಇದು ಮುಖ್ಯವಾದ ಬೀಗ. ಇದರ ಜೊತೆಗೆ ಇನ್ನೆರಡು ಬೀಗಗಳಿರುವುದುಂಟು. ಒಂದು, ಯಂತ್ರದ ಮೂಲಫಲಕದಲ್ಲಿಯೇ ಅಡಗಿರುವ, ಬಯಾಸ್ ಎಂದು ಕರೆಯುವ ಆರಂಭಿಕ ತಂತ್ರಾಂಶಕ್ಕೆ ಹಾಕಿದ ಗುಪ್ತಪದ. ಕೆನಡಾ ಮೂಲದ ಅಬ್ಸಲ್ಯೂಟ್ ಸಂಸ್ಥೆಯ ಕಾವಲುಗಾರನೂ ಇಲ್ಲಿಯೇ ವಾಸಿಸುತ್ತಾನೆ. ಕಂಪ್ಯೂಟ್ರೇಸ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಈತ ಎಚ್ಚರಗೊಂಡಿದ್ದರೆ, ವಿಂಡೋಸನ್ನು ಮತ್ತೆ ಮತ್ತೆ ಸ್ಥಾಪಿಸಿದರೂ ತನ್ನ ತಂತ್ರಾಂಶವನ್ನು ಒಳಕ್ಕೆ ಸೇರಿಸಿಬಿಡುತ್ತಾನೆ. ಇನ್ನೊಂದು, ವ್ಯಕ್ತಿಯ ಖಾತೆಗೆ ಅಂಟಿಕೊಂಡ ಬೀಗ. ಆಪಲ್ ಸಂಸ್ಥೆ ಇದನ್ನು 2013ರಲ್ಲಿ ಫೋನುಗಳಿಗೂ, 2019ರಲ್ಲಿ ಟಿ2 ಎಂಬ ರಕ್ಷಣಾ ಚಿಪ್ ಇರುವ ಮ್ಯಾಕ್ ಯಂತ್ರಗಳಿಗೂ ತಂದಿತು. ಕೆಲಸ ಬಿಟ್ಟ ನೌಕರ ತನ್ನ ಸ್ವಂತ ಖಾತೆಯಿಂದ ಯಂತ್ರವನ್ನು ಕಳಚಿಕೊಳ್ಳದೆ ಹಿಂದಿರುಗಿಸಿದರೆ, ಆ ಯಂತ್ರ ಸಂಸ್ಥೆಗೂ ಅಲ್ಲ, ಕೊಂಡವನಿಗೂ ಅಲ್ಲ ಎಂಬಂತಾಗುತ್ತದೆ.

ಇಷ್ಟು ಕೇಳಿದ ಮೇಲೆ ಇದೊಂದು ಅನ್ಯಾಯದ ಏರ್ಪಾಡು ಎಂದು ಯಾರಾದರೂ ತೀರ್ಮಾನಿಸಿದರೆ ಅದು ಅವಸರದ ತೀರ್ಮಾನವಾಗುತ್ತದೆ. ಕದ್ದ ಯಂತ್ರ ಕಳ್ಳನಿಗೆ ಉಪಯೋಗಕ್ಕೆ ಬಾರದಂತಾದರೆ ಕಳ್ಳತನದ ಆಸೆಯೇ ಕುಗ್ಗುತ್ತದೆ. ನಮ್ಮ ದೇಶದಲ್ಲಿ 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ, ತಮ್ಮ ವಶದಲ್ಲಿರುವ ಜನರ ವಿವರಗಳನ್ನು ಜೋಪಾನ ಮಾಡುವ ಹೊಣೆಯನ್ನು ಸಂಸ್ಥೆಗಳ ಮೇಲೆ ಹೊರಿಸಿದೆ. ನಿಮ್ಮ ಆಸ್ಪತ್ರೆಯ ಚೀಟಿಯೋ ನನ್ನ ಪಿಂಚಣಿಯ ಲೆಕ್ಕವೋ ಯಾವುದೋ ರೈಲುಡಬ್ಬಿಯಲ್ಲಿ ಕಳೆದುಹೋದ ಲ್ಯಾಪ್‌ಟಾಪಿನಿಂದ ಬೀದಿಗೆ ಬೀಳಬಾರದು ಎಂದರೆ ಈ ಬೀಗ ಬೇಕು. ಬೀಗ ಹಾಕಿದ್ದು ತಪ್ಪಲ್ಲ. ಮನೆಯನ್ನು ಮಾರಿದ ಮೇಲೆ ಬೀಗದ ಕೈಯನ್ನು ಕೊಡದೆ ಹೋಗುವುದು ತಪ್ಪು.

ಹಾಗಾದರೆ ಬೀಗದ ಕೈ ಕೊಡದ ಯಂತ್ರಗಳು ಪೇಟೆಗೆ ಬರುವುದಾದರೂ ಹೇಗೆ? ಬೆಂಗಳೂರಿನಂಥ ನಗರದಲ್ಲಿ ಇದನ್ನು ಊಹಿಸುವುದು ಕಷ್ಟವಲ್ಲ. ಸಂಸ್ಥೆಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ನೌಕರರ ಯಂತ್ರಗಳನ್ನು ಬದಲಾಯಿಸುವುದು ರೂಢಿ. ಅನೇಕ ಸಂಸ್ಥೆಗಳು ಅವುಗಳನ್ನು ಗುತ್ತಿಗೆಯ ಮೇಲೆ ಪಡೆದು, ಅವಧಿ ಮುಗಿದ ಮೇಲೆ ಹಿಂದಿರುಗಿಸುತ್ತವೆ. ಹೀಗೆ ಹೊರಬಿದ್ದ ಯಂತ್ರಗಳು ನೂರು ಇನ್ನೂರರ ರಾಶಿಗಳಾಗಿ ಹರಾಜಾಗುತ್ತವೆ; ಸಗಟು ವ್ಯಾಪಾರಿಯಿಂದ ದುರಸ್ತಿಗಾರನಿಗೆ, ಅಲ್ಲಿಂದ ಚಿಲ್ಲರೆ ಅಂಗಡಿಗೆ ಸಾಗುತ್ತವೆ. ಜನರ ಬಾಯಲ್ಲಿ ಎಸ್.ಪಿ. ರೋಡ್ ಆಗಿರುವ ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಬೀದಿ ಇವೆಲ್ಲ ಇಂಥ ವ್ಯಾಪಾರಕ್ಕೆ ಹೆಸರಾದ ತಾಣಗಳು. ಅಲ್ಲಿ ಕೊಂಡದ್ದು ತುಮಕೂರು, ಹಾಸನ, ಕೊಪ್ಪಳಗಳ ಮನೆಗಳನ್ನು ಸೇರುತ್ತದೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಕಚೇರಿಯ ಯಂತ್ರಗಳು ನೌಕರರ ಮನೆಗಳಿಗೆ ಹೋದುವು. ಎಲ್ಲವೂ ಹಿಂದಿರುಗಿ ಬರಲಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ ನಿಂತುದರಿಂದ, ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳನ್ನು ಕೈಬಿಡಲು ಸಂಸ್ಥೆಗಳಿಗೆ ಇನ್ನೊಂದು ಕಾರಣ ದೊರೆಯಿತು.

ಬಿಡುಗಡೆಯಾಗದೆ ಉಳಿಯುವುದಕ್ಕೆ ಮುಖ್ಯವಾಗಿ ಮೂರು ಕಾರಣಗಳು ಕಾಣುತ್ತವೆ. ಮೊದಲನೆಯದು ಬರಿಯ ಅಲಕ್ಷ್ಯ. ಹಳೆಯ ಯಂತ್ರವನ್ನು ಮಾರುವುದು ಲೆಕ್ಕಪತ್ರ ವಿಭಾಗ. ದಫ್ತರದ ಕೀಲಿಕೈ ಇರುವುದು ತಾಂತ್ರಿಕ ವಿಭಾಗದ ಬಳಿ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಯಂತ್ರದ ಒಳಗನ್ನು ಅಳಿಸಿದರೆ ಎಲ್ಲ ಮುಗಿಯಿತು ಎಂಬ ಭಾವನೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಎರಡನೆಯದು, ಸಂಸ್ಥೆಯೇ ಇಲ್ಲದೆ ಹೋಗುವುದು. ಮುಚ್ಚಿದ ಸಂಸ್ಥೆಯ, ಇನ್ನೊಂದರಲ್ಲಿ ವಿಲೀನವಾದ ಸಂಸ್ಥೆಯ ಹೆಸರು ದಫ್ತರದಲ್ಲಿ ಉಳಿದಿರುತ್ತದೆ. ಅದನ್ನು ತೆಗೆಯುವ ಅಧಿಕಾರವಿದ್ದವರು ಎಲ್ಲಿಗೋ ಚದುರಿಹೋಗಿರುತ್ತಾರೆ. ವಾರಸುದಾರರಿಲ್ಲದ ಆಸ್ತಿಯನ್ನು ನಾವು ಬಲ್ಲೆವು. ಇದು ವಾರಸುದಾರರಿಲ್ಲದ ಬೀಗ. ಮೂರನೆಯದು, ಯಂತ್ರ ಪೇಟೆಗೆ ಬರಲೇಬಾರದಾಗಿತ್ತು ಎನ್ನುವ ಸಂದರ್ಭ. ಅದು ಕಳವಾದದ್ದಿರಬಹುದು, ನೌಕರ ಹಿಂದಿರುಗಿಸದೆ ಮಾರಿದ್ದಿರಬಹುದು, ಇಲ್ಲವೆ ನಾಶಪಡಿಸಲು ಕೊಟ್ಟದ್ದನ್ನು ಯಾರೋ ನಡುವೆ ಎತ್ತಿ ಮಾರಿದ್ದಿರಬಹುದು.

ಈ ಮೂರನೆಯ ಬಗೆಯ ಒಂದು ಪ್ರಸಂಗ ನನಗೆ ನೇರವಾಗಿ ತಿಳಿದಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಾಲ್ಲೂಕು ಕೇಂದ್ರವೊಂದರಲ್ಲಿ ಅಧ್ಯಾಪಕರು. ಎಂಜಿನಿಯರಿಂಗ್ ಓದುತ್ತಿದ್ದ ಮಗಳಿಗಾಗಿ 22,000 ರೂಪಾಯಿ ಕೊಟ್ಟು ಬಳಸಿದ ಲ್ಯಾಪ್‌ಟಾಪೊಂದನ್ನು ತಂದರು. ಎರಡು ತಿಂಗಳು ಅದು ಸರಿಯಾಗಿಯೇ ನಡೆಯಿತು. ಬಳಿಕ ಏನೋ ತೊಂದರೆಯಾಗಿ ಹುಡುಗಿ ಅದನ್ನು ಅಳಿಸಿ ಮತ್ತೆ ಆರಂಭಿಸಿದಳು. ನಾನು ಹೇಳಿದಂತೆಯೇ ಸಂಸ್ಥೆಯೊಂದರ ಹೆಸರು ಮೂಡಿ ಯಂತ್ರ ನಿಂತಿತು. ಪರೀಕ್ಷೆಗೆ ಆರು ವಾರವಿತ್ತು. ಸಂಸ್ಥೆಗೆ ಪತ್ರವೊಂದನ್ನು ಬರೆದುಕೊಡಿ ಎಂದು ತಂದೆ ನನ್ನನ್ನು ಕೇಳಿದರು. ರಸೀತಿಯ ಪ್ರತಿಯನ್ನೂ ಯಂತ್ರದ ಕ್ರಮಸಂಖ್ಯೆಯನ್ನೂ ಸೇರಿಸಿ, ದಯವಿಟ್ಟು ಇದನ್ನು ನಿಮ್ಮ ಪಟ್ಟಿಯಿಂದ ಬಿಡುಗಡೆ ಮಾಡಿಕೊಡಿ ಎಂದು ಬರೆದೆ. ಹದಿನೈದು ದಿನಗಳ ಮೇಲೆ ಉತ್ತರ ಬಂತು. ಉತ್ತರ ಸೌಜನ್ಯದಿಂದಲೇ ಕೂಡಿತ್ತು. ಆ ಸಂಖ್ಯೆಯ ಯಂತ್ರವನ್ನು ನಾಶಪಡಿಸುವುದಕ್ಕಾಗಿ ಒಪ್ಪಿಸಲಾಗಿತ್ತು. ಅದು ನಾಶವಾಯಿತೆಂಬ ಪ್ರಮಾಣಪತ್ರ ತಮ್ಮಲ್ಲಿದೆ. ನಾಶವಾದ ಯಂತ್ರವನ್ನು ಬಿಡುಗಡೆ ಮಾಡಲು ನಿಯಮದಲ್ಲಿ ಅವಕಾಶವಿಲ್ಲ. ಕಾಗದದಲ್ಲಿ ಸತ್ತಿದ್ದ ಯಂತ್ರ ಮೇಜಿನ ಮೇಲೆ ಬದುಕಿತ್ತು. ಬದುಕಿರುವ ಮುದುಕರು ತಾವು ಬದುಕಿದ್ದೇವೆಂದು ಕಚೇರಿಗಳಲ್ಲಿ ವಾದಿಸಬೇಕಾದ ಸಂಗತಿ ನಮ್ಮಲ್ಲಿ ಹೊಸದೇನೂ ಅಲ್ಲ; ಯಂತ್ರಕ್ಕಾದರೋ ವಾದಿಸುವ ಬಾಯಿಯೂ ಇರಲಿಲ್ಲ. ಕೊನೆಗೆ ಅಂಗಡಿಯವನು ಅರ್ಧ ಹಣ ಹಿಂದಿರುಗಿಸಿ, ಬಿಡಿಭಾಗಗಳಿಗಾಗುತ್ತದೆಂದು ಯಂತ್ರವನ್ನು ಇಟ್ಟುಕೊಂಡ. ಹುಡುಗಿ ಆ ಅರ್ಧವರ್ಷದ ಕೆಲಸವನ್ನೆಲ್ಲ ಕಾಲೇಜಿನ ಪ್ರಯೋಗಶಾಲೆಯಲ್ಲಿ, ಅದು ತೆರೆದಿದ್ದಷ್ಟು ಹೊತ್ತು ಕುಳಿತು ಮುಗಿಸಿದಳು.

ಇಲ್ಲಿ ತಪ್ಪು ಯಾರದು? ನಾಶಪಡಿಸಿ ಎಂದು ಕೊಟ್ಟ ಸಂಸ್ಥೆಯ ನಿಲುವಿಗೆ ಒಂದು ನ್ಯಾಯವಿದೆ. ರಾಶಿಯಲ್ಲಿ ಕೊಂಡ ಅಂಗಡಿಯವನಿಗೂ ಬಹುಶಃ ಏನೂ ತಿಳಿದಿರಲಿಲ್ಲ. ನಡುವಿನ ಯಾವುದೋ ಕೈ ಸುಳ್ಳು ಹೇಳಿದೆ. ಆದರೆ ಆ ಸುಳ್ಳಿನ ಬೆಲೆಯನ್ನು ತೆತ್ತವರು, ಸರಪಳಿಯಲ್ಲಿ ಎಲ್ಲರಿಗಿಂತ ಕೊನೆಯವರೂ ಎಲ್ಲರಿಗಿಂತ ಬಡವರೂ ಆದವರು. ಈ ವಿಷಯವನ್ನು ನಾನು ಮಾತನಾಡಲು ಆರಿಸಿಕೊಂಡದ್ದು ಈ ಕಾರಣಕ್ಕಾಗಿಯೇ.

ಕಾನೂನು ಈ ಬಗ್ಗೆ ಮೂಕವಾಗಿದೆಯೆ? ಇಲ್ಲ. ನಮ್ಮ ಸರಕು ಮಾರಾಟ ಕಾಯಿದೆ 1930ರಷ್ಟು ಹಳೆಯದು. ಅದರ 14ನೆಯ ಕಲಮು ಬೇರೆ ಒಪ್ಪಂದವಿಲ್ಲದ ಪ್ರತಿಯೊಂದು ಮಾರಾಟದಲ್ಲಿಯೂ ಮೂರು ಮಾತುಗಳು ಬಾಯಿಬಿಟ್ಟು ಹೇಳದಿದ್ದರೂ ಅಡಗಿವೆಯೆಂದು ಭಾವಿಸುತ್ತದೆ: ಮಾರುವವನಿಗೆ ಮಾರುವ ಹಕ್ಕಿದೆ, ಕೊಂಡವನು ವಸ್ತುವನ್ನು ನಿರಾತಂಕವಾಗಿ ಅನುಭವಿಸುವನು, ಕೊಂಡವನಿಗೆ ತಿಳಿಸದ ಮೂರನೆಯವರ ಋಣಭಾರ ಯಾವುದೂ ಅದರ ಮೇಲಿಲ್ಲ. ನಿರಾತಂಕವಾದ ಭೋಗ ಎಂಬ ಈ ಮಾತಿಗೂ ಶಾಸನದ ‘ಸರ್ವಬಾಧಾಪರಿಹಾರ’ಕ್ಕೂ ಎಷ್ಟು ಹತ್ತಿರದ ನಂಟು! 27ನೆಯ ಕಲಮು, ಮಾರುವವನು ತನಗಿರುವುದಕ್ಕಿಂತ ಹೆಚ್ಚಿನ ಹಕ್ಕನ್ನು ಸಾಮಾನ್ಯವಾಗಿ ಇನ್ನೊಬ್ಬನಿಗೆ ದಾಟಿಸಲಾರನೆಂದು ಹೇಳುತ್ತದೆ. ಕೊಂಡ ಮೇಲೆ ತೆರೆಯ ಮೇಲೆ ಮೂಡುವ ಪರಸಂಸ್ಥೆಯ ಹೆಸರು ನಿರಾತಂಕ ಭೋಗಕ್ಕೆ ಬಂದ ಆತಂಕವೇ ಎಂದು ನನಗೆ ತೋರುತ್ತದೆ. ಅಂಗಡಿಯಲ್ಲಿ ಕೊಂಡವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆಶ್ರಯವೂ ಉಂಟು. 5 ಲಕ್ಷ ರೂಪಾಯಿಯವರೆಗಿನ ವ್ಯವಹಾರದ ದೂರಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಆದರೆ ಇದಕ್ಕೆಲ್ಲ ರಸೀತಿ ಬೇಕು, ರಸೀತಿಯಲ್ಲಿ ಕ್ರಮಸಂಖ್ಯೆ ಇರಬೇಕು. ‘ಒಂದು ಲ್ಯಾಪ್‌ಟಾಪ್’ ಎಂದಷ್ಟೇ ಬರೆದ ಚೀಟಿಯಿಂದ ಏನನ್ನೂ ಸಾಧಿಸಲಾಗದು.

ಕಾನೂನಿಗಿಂತ ಹೆಚ್ಚಾಗಿ ಇಲ್ಲಿ ಕೊರತೆಯಾಗಿರುವುದು ತಿಳಿದುಕೊಳ್ಳುವ ದಾರಿ. ನಿವೇಶನವೊಂದನ್ನು ಕೊಳ್ಳುವ ಮುನ್ನ ನಾವು ಉಪನೋಂದಣಾಧಿಕಾರಿಯ ಕಚೇರಿಯಿಂದ ಋಣಭಾರ ಪತ್ರವನ್ನು ತೆಗೆಸಿ ನೋಡುತ್ತೇವೆ. ಸಾಲದ ಮೇಲೆ ಕೊಂಡ ವಾಹನದ ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹೆಸರು ಬರೆದಿರುತ್ತದೆ. ಸಾಲ ತೀರಿದ ಮೇಲೆ 35ನೆಯ ನಮೂನೆಯನ್ನು ಒಪ್ಪಿಸಿ ಆ ಹೆಸರನ್ನು ತೆಗೆಸುತ್ತೇವೆ. ಬಳಸಿದ ಮೊಬೈಲ್ ಫೋನಿನ ಸಂಖ್ಯೆಯನ್ನು ಕೊಟ್ಟು ಅದು ತಡೆಹಿಡಿದ ಫೋನೆ ಎಂದು ವಿಚಾರಿಸುವ ಸೌಕರ್ಯವನ್ನು ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ ಸಾಥಿಯ ಮೂಲಕ ಒದಗಿಸಿದೆ. ಲ್ಯಾಪ್‌ಟಾಪಿನ ದಫ್ತರ ಮಾತ್ರ ತಯಾರಕರ ಖಾಸಗಿ ಸ್ವತ್ತು. ಅದರಲ್ಲಿ ಹೆಸರು ಬರೆಯಿಸುವವರು ಸಂಸ್ಥೆಗಳು, ತೆಗೆಯಿಸುವವರೂ ಸಂಸ್ಥೆಗಳೇ. ಅದರಿಂದ ಬಾಧಿತನಾಗುವ ಕೊಳ್ಳುವವನಿಗೆ ಅದನ್ನು ಓದುವ ಹಕ್ಕಿಲ್ಲ. ಯಂತ್ರವನ್ನು ಅಳಿಸಿ, ಸಂಪರ್ಕ ಕೊಟ್ಟು, ಅದರ ಬಾಯಿಂದಲೇ ಉತ್ತರ ಹೊರಡಿಸಬೇಕು.

ಇದರ ಇನ್ನೊಂದು ಮುಖ ಕಸ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಸೇರಿ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2022ರಲ್ಲಿ ಲೋಕದಲ್ಲಿ ಹುಟ್ಟಿದ ಇಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಸಂಸ್ಕರಿಸಿದ್ದಕ್ಕೆ ದಾಖಲೆಯಿರುವುದು ಶೇಕಡ 22.3 ಭಾಗಕ್ಕೆ ಮಾತ್ರ. ನಮ್ಮ ದೇಶದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು, ಹಳೆಯದನ್ನು ದುರಸ್ತಿ ಮಾಡಿ ಮತ್ತೆ ಬಳಕೆಗೆ ತರುವವರನ್ನು ಪ್ರತ್ಯೇಕ ವರ್ಗವೆಂದು ಗುರುತಿಸಿ ನೋಂದಾಯಿಸಿಕೊಳ್ಳುತ್ತವೆ. ಲ್ಯಾಪ್‌ಟಾಪೊಂದು ತನ್ನ ಇಡೀ ಆಯುಸ್ಸಿನಲ್ಲಿ ಪರಿಸರಕ್ಕೆ ಹೊರಿಸುವ ಭಾರದ ಬಹುಪಾಲು, ಅದು ನಮ್ಮ ಕೈ ಸೇರುವ ಮೊದಲೇ, ಅದರ ತಯಾರಿಕೆಯಲ್ಲಿ ಸಂದುಹೋಗಿರುತ್ತದೆ. ಆದ್ದರಿಂದ ಇರುವ ಯಂತ್ರವನ್ನು ಇನ್ನೂ ನಾಲ್ಕು ವರ್ಷ ದುಡಿಸುವುದೇ ದೊಡ್ಡ ಉಳಿತಾಯ. ಹೀಗಿರುವಾಗ, ತೆರೆ, ಕೀಲಿಮಣೆ, ಸ್ಮೃತಿ ಎಲ್ಲವೂ ಗಟ್ಟಿಯಾಗಿರುವ ಯಂತ್ರವೊಂದು ದಫ್ತರದಲ್ಲಿ ಒಂದು ಹೆಸರು ಉಳಿದುಕೊಂಡ ಕಾರಣಕ್ಕೆ ಸುತ್ತಿಗೆಯ ಕೆಳಗೆ ಹೋಗುವುದು ಎಂಥ ವಿವೇಕ? ಅಮೆರಿಕದ ದುರಸ್ತಿಗಾರರೂ ಬೀಗ ಬಿದ್ದ ಮ್ಯಾಕ್ ಯಂತ್ರಗಳನ್ನು ಒಡೆದು ಹಾಕಬೇಕಾಗಿದೆಯೆಂದು ಬಹಿರಂಗವಾಗಿಯೇ ದೂರಿದ್ದಾರೆ. ಎಂದರೆ ಇದು ನಮ್ಮ ಬಡತನದ ಸಮಸ್ಯೆ ಮಾತ್ರವಲ್ಲ.

ಇನ್ನು ಮಾಡತಕ್ಕದ್ದೇನು ಎಂಬ ವಿಚಾರ. ಕೊಳ್ಳುವವರಿಗೆ ನಾನು ಹೇಳಬಹುದಾದದ್ದು ಇಷ್ಟೆ. ಹಣವನ್ನು ಎಣಿಸಿ ಕೊಡುವ ಮುನ್ನ, ಅಂಗಡಿಯಲ್ಲಿಯೇ, ನಿಮ್ಮ ಕಣ್ಣೆದುರಿಗೇ ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಆರಂಭಿಸಲು ಹೇಳಿ. ಅಂತರಜಾಲದ ಸಂಪರ್ಕ ಕೊಡುವುದನ್ನು ಮರೆಯಬೇಡಿ. ಸಂಪರ್ಕವಿಲ್ಲದೆ ಆರಂಭಿಸಿದ ಯಂತ್ರ ತನ್ನ ಹಳೆಯ ಒಡೆಯನ ಹೆಸರನ್ನು ಹೇಳದೆ ಇರಬಹುದು. ಅಂಗಡಿಯಲ್ಲಿ ಮೌನವಾಗಿದ್ದು ಮನೆಯಲ್ಲಿ ಬಾಯಿ ಬಿಡುವ ಯಂತ್ರಗಳ ಗುಟ್ಟು ಬಹುಮಟ್ಟಿಗೆ ಇದೇ. ಎಲ್ಲ ಪ್ರಶ್ನೆಗಳೂ ಮುಗಿದು, ಯಾವ ಸಂಸ್ಥೆಯ ಹೆಸರೂ ಕಾಣಿಸಿಕೊಳ್ಳದೆ ನಿಮ್ಮ ಹೆಸರಿನ ಖಾತೆ ತೆರೆದುಕೊಂಡಿತೆ ಎಂದು ನೋಡಿ. ಬಯಾಸ್ ಗುಪ್ತಪದ ಕೇಳುತ್ತದೆಯೆ ಎಂದು ನೋಡಿ. ಇದಕ್ಕೆಲ್ಲ ಸುಮಾರು ಒಂದು ಗಂಟೆ ಹಿಡಿಯಬಹುದು. ಸೀರೆಯ ಅಂಗಡಿಯಲ್ಲಿ ಎರಡು ಗಂಟೆ ಕುಳಿತುಕೊಳ್ಳುವ ನಮಗೆ ಇದು ಹೆಚ್ಚಲ್ಲ. ಒಪ್ಪದ ಅಂಗಡಿಯವನಿಂದ ಕೊಳ್ಳದಿರುವುದು ಲೇಸು.

ಬೀಗ ಬಿದ್ದ ಯಂತ್ರವನ್ನು ಯಾವುದೋ ಉಪಾಯದಿಂದ ತೆರೆದುಕೊಡುತ್ತೇವೆಂದು ಹಣ ಕೇಳುವವರು ಪೇಟೆಯಲ್ಲಿದ್ದಾರೆ. ಆ ಮಾತಿಗೆ ಮರುಳಾಗಬಾರದು. ದಫ್ತರದಲ್ಲಿ ಹೆಸರು ಇರುವವರೆಗೆ ಇಂಥ ಉಪಾಯಗಳು ಬಾಗಿಲಿಗೆ ಪರದೆ ಕಟ್ಟಿದಂತೆ. ಮುಂದಿನ ಸಲ ಅಳಿಸಿದಾಗ ಬೀಗ ಮತ್ತೆ ಕಾಣಿಸಿಕೊಳ್ಳಬಹುದು. ಜೊತೆಗೆ, ಯಂತ್ರ ನಿಜವಾಗಿಯೂ ಕಳವಾದದ್ದಾಗಿದ್ದರೆ, ತಿಳಿದೂ ಅದನ್ನು ಇಟ್ಟುಕೊಳ್ಳುವುದು ಅಪರಾಧ. ನೇರವಾದ ದಾರಿ ಒಂದೇ: ತೆರೆಯ ಮೇಲೆ ಕಾಣುವ ಸಂಸ್ಥೆಗೆ ಕ್ರಮಸಂಖ್ಯೆ, ರಸೀತಿಗಳೊಡನೆ ಬರೆಯುವುದು. ಮರೆವಿನಿಂದ ಉಳಿದ ಹೆಸರಾದರೆ ಅದನ್ನು ತೆಗೆಯಲು ಅವರಿಗೆ ಕೆಲವು ನಿಮಿಷ ಸಾಕು.

ಇಲ್ಲಿಯೇ ಮುಖ್ಯವಾದ ಮಾತು ಬರುತ್ತದೆ. ಕೊಳ್ಳುವವನು ಒಂದು ಗಂಟೆ ಕುಳಿತು ಪರೀಕ್ಷಿಸಬೇಕು, ಪತ್ರ ಬರೆಯಬೇಕು, ಉತ್ತರಕ್ಕೆ ಕಾಯಬೇಕು. ಮಾರುವ ಸಂಸ್ಥೆಯಾದರೋ ತನ್ನ ಮೇಜಿನ ಮುಂದೆ ಕುಳಿತು ಸಾವಿರ ಸಂಖ್ಯೆಗಳನ್ನು ಒಟ್ಟಿಗೆ ಬಿಡುಗಡೆ ಮಾಡಬಹುದು. ಹೊಣೆ ಯಾರ ಮೇಲಿರಬೇಕೆಂಬುದನ್ನು ಈ ವ್ಯತ್ಯಾಸವೇ ಹೇಳುತ್ತದೆ. ಯಂತ್ರಗಳನ್ನು ಮಾರುವ, ದಾನ ಕೊಡುವ, ಗುತ್ತಿಗೆಗೆ ಹಿಂದಿರುಗಿಸುವ ಪ್ರತಿಯೊಂದು ಸಂಸ್ಥೆಯೂ ಒಳಗಿನ ಮಾಹಿತಿಯನ್ನು ಅಳಿಸುವಷ್ಟೇ ಶ್ರದ್ಧೆಯಿಂದ ದಫ್ತರದ ಹೆಸರನ್ನೂ ತೆಗೆಯಿಸಿ, ಬಿಡುಗಡೆಯಾದ ಸಂಖ್ಯೆಗಳ ಪಟ್ಟಿಯನ್ನು ಕೊಂಡವನ ಕೈಗೆ ಕೊಡಬೇಕು. ಹಳ್ಳಿಯ ಶಾಲೆಗೆ ಹಳೆಯ ಗಣಕಗಳನ್ನು ದಾನ ಮಾಡುವ ಸಂಸ್ಥೆಗಳಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ; ಅಲ್ಲಿ ಬೀಗ ಬಿದ್ದರೆ ತೆಗೆಯಿಸಲು ಓಡಾಡುವವರು ಯಾರು? ತಯಾರಕರೂ ತಮ್ಮ ದಫ್ತರದ ಒಂದು ಕಿಟಕಿಯನ್ನಾದರೂ ಸಾರ್ವಜನಿಕರಿಗೆ ತೆರೆಯಬೇಕು. ಯಾರ ಹೆಸರಿದೆ ಎಂದು ಹೇಳಬೇಕಾಗಿಲ್ಲ. ಸಂಖ್ಯೆಯನ್ನು ಕೊಟ್ಟರೆ, ಇದು ಬಂಧನದಲ್ಲಿದೆ ಅಥವಾ ಇಲ್ಲ ಎಂಬ ಒಂದು ಮಾತನ್ನು ಹೇಳಿದರೆ ಸಾಕು. ಇಷ್ಟರಿಂದ ಕಳ್ಳನಿಗೆ ಯಾವ ಲಾಭವೂ ಆಗದು, ಕೊಳ್ಳುವವನಿಗೆ ಮಾತ್ರ ದೊಡ್ಡ ಉಪಕಾರವಾದೀತು. ಮುಚ್ಚಿಹೋದ ಸಂಸ್ಥೆಗಳ ಹೆಸರಿನಲ್ಲಿ ಉಳಿದ ಯಂತ್ರಗಳಿಗೆ, ಆಸ್ತಿಯನ್ನು ವಿಲೇವಾರಿ ಮಾಡುವ ಅಧಿಕಾರಿಯ ಪತ್ರದ ಮೇಲೆ ಬಿಡುಗಡೆ ನೀಡುವ ಕ್ರಮವೊಂದು ಬೇಕು.

ಭೂಮಿಗೆ ಮಾತನಾಡುವ ಶಕ್ತಿಯಿರಲಿಲ್ಲ. ಆದ್ದರಿಂದ ಕೊಟ್ಟವನೇ ಕಲ್ಲಿನ ಮೇಲೆ ಬರೆಯಿಸಿ, ಇನ್ನು ಇದು ನನ್ನದಲ್ಲ ಎಂದು ಹೇಳಬೇಕಾಗಿತ್ತು. ಇಂದಿನ ಯಂತ್ರಕ್ಕೆ ಮಾತು ಬಂದಿದೆ. ತನ್ನ ಒಡೆಯನಾರೆಂದು ಅದು ತಾನೇ ಹೇಳುತ್ತದೆ. ಹಾಗೆ ಹೇಳುವಾಗ ಅದು ಸುಳ್ಳು ಹೇಳದಂತೆ ನೋಡಿಕೊಳ್ಳುವುದು ಮಾರಿದವನ ಕರ್ತವ್ಯ. ಹಣವನ್ನು ಪಡೆದ ದಿನವೇ ಹೆಸರನ್ನೂ ತೆಗೆಯಿಸಿದರೆ ವ್ಯಾಪಾರ ಮುಗಿಯಿತು; ಅಲ್ಲಿಯವರೆಗೆ ಅದು ಅರ್ಧ ವ್ಯಾಪಾರ.